ಐರಿಶರು ಗುಲಾಮರಾಗಿದ್ದರೋ, ಗುಲಾಮರ ಒಡೆಯರಾಗಿದ್ದರೋ?

ಮೂರು ತಲೆಮಾರಿನ ಕಾದಂಬರಿಯೊಂದನ್ನು ಓದುತ್ತಿದ್ದೀರಿ. ಅದರಲ್ಲಿ ಐರ್ಲೆಂಡಿನ ಮೇಲೆ ದಂಡೆತ್ತಿ ಹೋದ ಇಂಗ್ಲಿಷ್ ಸೇನಾಪತಿ ಕ್ರಾಮ್‌ವೆಲ್ ಕಾಲದ ಐರಿಶ್ ಹುಡುಗಿಯನ್ನು ಹಡಗು ಹತ್ತಿಸಿ ಕೆರಿಬಿಯನ್ ದ್ವೀಪ ಬಾರ್ಬಡೋಸಿನಲ್ಲಿ ಮಾರುತ್ತಾರೆ. ಇದು ನಡೆದದ್ದೇ, ಐರಿಶರೂ ಗುಲಾಮರಾಗಿದ್ದರೇ ಎಂದು ಕೇಳಿದ್ದೀರಿ. ಇಂಥ ದಪ್ಪ ಪುಸ್ತಕಗಳ ಹುಚ್ಚು ನನಗೂ ಇದೆ. ಹಡಗು ನಿಜ, ಬಾರ್ಬಡೋಸೂ ನಿಜ. ‘ಗುಲಾಮ’ ಅನ್ನುವ ಪದದ ಹತ್ತಿರ ಮಾತ್ರ ಸ್ವಲ್ಪ ನಿಲ್ಲಬೇಕು.

1649ರಲ್ಲಿ ಐರ್ಲೆಂಡಿನ ಡ್ರಾಹೆಡಾ ಊರನ್ನು ಹಿಡಿದ ಮೇಲೆ, ಜೀವ ಉಳಿದ ಸೈನಿಕರನ್ನು ಬಾರ್ಬಡೋಸಿಗೆ ಸಾಗಿಸುವುದಾಗಿ ಕ್ರಾಮ್‌ವೆಲ್ಲೇ ಪತ್ರ ಬರೆದ. ಮುಂದಿನ ವರ್ಷಗಳಲ್ಲಿ ಕೈದಿಗಳು, ಅಲೆಮಾರಿಗಳು, ದಿಕ್ಕಿಲ್ಲದ ಹೆಂಗಸರು ಮಕ್ಕಳು ಸಾವಿರಗಟ್ಟಲೆ ಹೋದರು. ಕೊಂಡವರು ಕಬ್ಬಿನ ತೋಟಕ್ಕೆ ದೂಡಿದರು, ಹೊಡೆದರು. ಅವಧಿ ಮುಗಿಯುವ ಮೊದಲೇ ಸತ್ತವರು ಬಹಳ. ‘ಅವಧಿ’ ಅಂದೆನಲ್ಲ, ಕೀಲಿರುವುದು ಅಲ್ಲೇ. ಅದು ಐದೋ ಏಳೋ ಹತ್ತೋ ವರ್ಷದ ಜೀತ. ನಮ್ಮ ಕಡೆ ಅಪ್ಪನ ಸಾಲಕ್ಕೆ ಮಗನೂ ದುಡಿಯುತ್ತಿದ್ದನಲ್ಲ, ಹಾಗೂ ಅಲ್ಲ. ಆ ಹುಡುಗಿಯ ಜೀತ ಮಗುವಿಗೆ ದಾಟುತ್ತಿರಲಿಲ್ಲ. ಪಕ್ಕದ ಸಾಲಿನಲ್ಲಿ ಕಬ್ಬು ಕಡಿಯುತ್ತಿದ್ದ ಆಫ್ರಿಕಾದ ಹೆಂಗಸಿಗೆ ಹುಟ್ಟಿದ ಮಗು ಮಾತ್ರ ಹುಟ್ಟುತ್ತಲೇ ಒಡೆಯನ ಆಸ್ತಿ. ಆ ಮಗುವಿನ ಮಗುವೂ ಅಷ್ಟೇ. 1661ರಲ್ಲಿ ಬಾರ್ಬಡೋಸಿನವರು ಆಳುಗಳಿಗೊಂದು, ಆಫ್ರಿಕಾದ ಗುಲಾಮರಿಗೊಂದು ಎಂದು ಬೇರೆ ಬೇರೆ ಕಾನೂನನ್ನೇ ಮಾಡಿಟ್ಟರು. ಫೇಸ್‌ಬುಕ್ಕಿನಲ್ಲಿ ‘ಐರಿಶರೇ ಮೊದಲ ಗುಲಾಮರು’ ಎಂದು ಸುತ್ತುವ ಪೋಸ್ಟುಗಳು ಬಹುಪಾಲು ಅಮೆರಿಕದ ಕಪ್ಪು ಜನರ ಬಾಯಿ ಮುಚ್ಚಿಸಲು ಹುಟ್ಟಿದವು, ನಂಬಬೇಡಿ.

ನನ್ನ ತಕರಾರು ಬೇರೆ. ಈ ಕಾದಂಬರಿಗಳಲ್ಲಿ ಎಷ್ಟೋ ಆ ಹುಡುಗಿಯ ಕಣ್ಣೀರಿನಲ್ಲೇ ಕೂತುಬಿಡುತ್ತವೆ. ಕಥೆ ಬಿಗಿಯಾಗುವುದು ಅವಳ ಮಕ್ಕಳು ಮೊಮ್ಮಕ್ಕಳ ಕಾಲಕ್ಕೆ. ಕೆರಿಬಿಯನ್ನಿನದೇ ಇನ್ನೊಂದು ದ್ವೀಪ ಮಾಂಟ್ಸೆರಾಟಿನ ಬಿಳಿಯರಲ್ಲಿ ಆಗ ಹೆಚ್ಚಿನವರು ಐರಿಶರು. ಅವರಲ್ಲಿ ಕೈಗೆ ನಾಲ್ಕು ಕಾಸು ಸಿಕ್ಕವರು ನೆಲ ಕೊಂಡರು, ನೆಲ ಕೊಂಡವರು ಗುಲಾಮರನ್ನು ಕೊಂಡರು. 1768ರ ಮಾರ್ಚ್ 17, ಸಂತ ಪ್ಯಾಟ್ರಿಕ್ ಹಬ್ಬ. ಒಡೆಯರು ಕುಡಿದು ಮೈಮರೆತಿರುತ್ತಾರೆ ಎಂದು ಲೆಕ್ಕ ಹಾಕಿ ಗುಲಾಮರು ದಂಗೆಗೆ ಅದೇ ಮುಹೂರ್ತ ಇಟ್ಟರು. ಗುಟ್ಟು ಬಯಲಾಗಿ ಮುಂದಾಳುಗಳು ನೇಣಿಗೇರಿದರು. ಈಗ ಅಲ್ಲಿ ಆ ದಿನ ಸರ್ಕಾರಿ ರಜೆ. ದ್ವೀಪಕ್ಕೆ ಇಳಿದವರ ಪಾಸ್‌ಪೋರ್ಟಿಗೆ ಒತ್ತುವ ಮುದ್ರೆ ಮಾತ್ರ ಇವತ್ತಿಗೂ ಐರ್ಲೆಂಡಿನ ಮೂರೆಲೆಯ ಶ್ಯಾಮ್‌ರಾಕ್!

ಇನ್ನು ಗುಲಾಮ ವ್ಯಾಪಾರವನ್ನೇ ಕಸುಬು ಮಾಡಿಕೊಂಡವರೂ ಇದ್ದರು. ಆಂಟ್ವಾನ್ ವಾಲ್ಶ್‌ನದು ಐರ್ಲೆಂಡ್ ಬಿಟ್ಟು ಫ್ರಾನ್ಸ್ ಸೇರಿದ ಕುಟುಂಬ. ನಾಂತ್ ಬಂದರಿನಲ್ಲಿ ಕೂತು ಅವನು ಕೊಂಡು ಸಾಗಿಸಿದ ಆಫ್ರಿಕನ್ನರು 12,000ಕ್ಕೂ ಹೆಚ್ಚು. 1745ರಲ್ಲಿ, ಬ್ರಿಟನ್ನಿನ ಸಿಂಹಾಸನ ಕಳೆದುಕೊಂಡಿದ್ದ ವಂಶದ ರಾಜಕುಮಾರ ಚಾರ್ಲ್ಸ್ ಸ್ಟುವರ್ಟ್‌ನನ್ನು ತನ್ನ ಹಡಗಿನಲ್ಲಿ ಸ್ಕಾಟ್ಲೆಂಡಿಗೆ ಮುಟ್ಟಿಸಿದವನೂ ಇವನೇ. ಹಾಡುಗಳಲ್ಲಿ ಉಳಿದಿರುವುದು ಆ ಒಂದು ಪಯಣ.

ಆದರೆ ಕಾದಂಬರಿಯನ್ನೇ ಮೀರಿಸುವುದು ಹೀಲಿ ಕುಟುಂಬ. ಮೈಕೆಲ್ ಹೀಲಿ ಐರ್ಲೆಂಡಿನಿಂದ ಬಂದು ಅಮೆರಿಕದ ಜಾರ್ಜಿಯಾದಲ್ಲಿ ಹತ್ತಿ ತೋಟ ಮಾಡಿದ. ಮೇರಿ ಎಲೈಜಾ ಎಂಬ ಗುಲಾಮ ಹೆಣ್ಣಿನೊಡನೆ ಸಂಸಾರ ಹೂಡಿದ. ಕಾನೂನಿನ ಪ್ರಕಾರ ಮದುವೆ ಆಗುವ ಹಾಗಿಲ್ಲ, ಅವಳನ್ನು ಬಿಡುಗಡೆ ಮಾಡುವುದೂ ಹೆಚ್ಚು ಕಡಿಮೆ ಅಸಾಧ್ಯ. ಹೀಗಾಗಿ ಅವನ ಮಕ್ಕಳು ಅವನದೇ ಗುಲಾಮರು! ಒಬ್ಬೊಬ್ಬರನ್ನಾಗಿ ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳಿಗೆ ಕಳಿಸಿದ. 1850ರಲ್ಲಿ ಗಂಡ ಹೆಂಡತಿ ಇಬ್ಬರೂ ತೀರಿಕೊಂಡರು. ಮಕ್ಕಳಲ್ಲಿ ಜೇಮ್ಸ್ 1875ರಲ್ಲಿ ಪೋರ್ಟ್‌ಲ್ಯಾಂಡಿನ ಕ್ಯಾಥೊಲಿಕ್ ಬಿಷಪ್ ಆದ. ಪ್ಯಾಟ್ರಿಕ್ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಅಧ್ಯಕ್ಷನಾದ. ಕಿರಿಯ ಮೈಕೆಲ್ ಅಲಾಸ್ಕಾ ಸಮುದ್ರದಲ್ಲಿ ಹೆಸರುವಾಸಿ ಕಪ್ತಾನ. ತಾಯಿಯ ಗುರುತನ್ನು ಅವರು ಹೊರಗೆ ತೋರಿಸಿಕೊಳ್ಳಲಿಲ್ಲ, ಜನ ಐರಿಶರೆಂದುಕೊಂಡರೆ ಹಾಗೇ ಬಿಟ್ಟರು. ಅಪ್ಪನ ತೋಟದ ಉಳಿದ ಗುಲಾಮರಿಗೆ ಬಿಡುಗಡೆ ಸಿಗಲಿಲ್ಲ. ಅವರನ್ನು ಮಾರಿ ಬಂದ ದುಡ್ಡು ಈ ಮಕ್ಕಳ ಪಾಲಿಗೆ ಬಂತು.

ಇನ್ನೊಂದು ಎಳೆ ಕೇಳಿ. 1838ರಲ್ಲಿ ಮೇರಿಲ್ಯಾಂಡಿನಲ್ಲಿದ್ದ ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು ತಮ್ಮ 272 ಗುಲಾಮರನ್ನು ಲೂಸಿಯಾನಕ್ಕೆ ಮಾರಿದರು. ಬಂದ ಹಣದಲ್ಲಿ ಒಂದು ಪಾಲು ಅದೇ ಜಾರ್ಜ್‌ಟೌನಿನ ಸಾಲಕ್ಕೆ ಹೋಯಿತು. ಮಾರಾಟ ಕುದುರಿಸಿದವನು ಥಾಮಸ್ ಮಲೆಡಿ, ಐರಿಶ್ ವಲಸಿಗನ ಮಗ. ಆರು ವರ್ಷದ ನಂತರ, 1844ರಲ್ಲಿ, ಹೀಲಿ ಹುಡುಗರು ಹೋಲಿ ಕ್ರಾಸ್ ಕಾಲೇಜಿಗೆ ಸೇರಿದಾಗ ಅಲ್ಲಿ ಅಧ್ಯಕ್ಷನಾಗಿ ಕೂತಿದ್ದವನೂ ಅದೇ ಮಲೆಡಿ. ಕಾದಂಬರಿಕಾರ ಹೀಗೆ ಬರೆದಿದ್ದರೆ ‘ಸಿನಿಮಾ ಆಯ್ತು’ ಅನ್ನುತ್ತಿದ್ದೆವು.

ನಿಮ್ಮ ಪುಸ್ತಕದಲ್ಲಿ ಆ ಹುಡುಗಿಯ ಜೀತ ಮುಗಿದ ಮೇಲೆ ಏನಾಗುತ್ತದೆ? ಅವಳ ಮಗ ತೋಟ ಕೊಂಡರೆ ಅದರಲ್ಲಿ ದುಡಿಯುವವರು ಯಾರು ಅಂತ ಬರೆದಿದ್ದಾರಾ? ಅಲ್ಲಿಗೆ ಬಂದಾಗ ಕಾಮೆಂಟಿನಲ್ಲಿ ತಿಳಿಸಿ.