‘ಅದು ನನ್ ಕೈಯೇ ಅಲ್ಲ’ ಅಂದ ಹೂವಿನಕ್ಕ

ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೇನೆ. ಬರೆಯೋಕೆ ಅವರ ಒಪ್ಪಿಗೆ ಇದೆ. ಇಲ್ಲಿ ಅವರನ್ನು ಹೂವಿನಕ್ಕ ಅಂತಲೇ ಕರೀತೀನಿ.

ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರ ಇಪ್ಪತ್ತು ವರ್ಷದಿಂದ ಹೂ ಕಟ್ಟಿ ಮಾರುವವರು. ಒಡೆದ ಗಾಜು ತಗುಲಿ ಬಲ ಮಣಿಕಟ್ಟು ಸೀಳಿ, ಒಳಗಿನ ನರ ತುಂಡಾಗಿತ್ತು. ಆಪರೇಷನ್ ಮಾಡಿ ನರ ಹೊಲಿದಿದ್ದರು. ಅದಾಗಿ ಮೂರು ತಿಂಗಳಿಗೆ ನನ್ನ ಹತ್ತಿರ ಬಂದರು, ನಿದ್ದೆ ಬರಲ್ಲ, ಸುಮ್‌ಸುಮ್ನೆ ಅಳು ಬರುತ್ತೆ ಅಂತ. ಕೂತಷ್ಟು ಹೊತ್ತೂ ಬಲಗೈ ಸೆರಗಿನೊಳಗೇ ಇತ್ತು.

“ಅಕ್ಕ, ಕೈ ಒಂದ್ಸಲ ತೋರಿಸ್ತೀರಾ?”

“ಅದನ್ಯಾಕೆ ನೋಡ್ತೀರಿ ಬುಡಿ ಮೇಡಂ, ಅದು ನನ್ ಕೈಯೇ ಅಲ್ಲ ಈಗ.”

ಕೊನೆಗೆ ತೋರಿಸಿದರು. ತೋರುಬೆರಳಿನ ತುದಿಯಲ್ಲಿ ಬೊಬ್ಬೆ ಒಡೆದು ಒಣಗಿದ ಗುರುತು. ದೋಸೆ ಹೆಂಚು ತಗುಲಿ ಸುಟ್ಟಿದ್ದು. ಸುಟ್ಟಾಗ ಅವರಿಗೆ ಗೊತ್ತೇ ಆಗಿರಲಿಲ್ಲ, ಸಂಜೆ ಮಗಳು ನೋಡಿ ಕೂಗಿಕೊಂಡಳಂತೆ. ಅದೇ ಅಂಗೈಗೆ ಸೆರಗಿನ ಜರಿ ಸೋಕಿದರೆ ಮಾತ್ರ ಕರೆಂಟ್ ಹೊಡೆದ ಹಾಗೆ ಕೈ ಎಳ್ಕೊಳ್ಳೋರು. ಬೆರಳ ತುದಿ ಸತ್ತ ಹಾಗೆ, ಅಂಗೈ ಉರಿಯೋ ಹಾಗೆ. ಇಂಥ ಕೈಯನ್ನು ಯಾರಿಗಾದರೂ ನನ್ನದು ಅನ್ನೋಕೆ ಮನಸ್ಸು ಬರುತ್ತಾ?

ಮೊದಲು ಬಿಡಿಸಿ ಹೇಳಬೇಕಾಗಿದ್ದು ಇದನ್ನೇ. ಹೊಲಿದ ನರ ದಿನಕ್ಕೆ ಹೆಚ್ಚುಕಮ್ಮಿ 1 ಮಿಲಿಮೀಟರ್ ಬೆಳೆಯುತ್ತದೆ, ಅದೂ ಶುರುವಾಗೋಕೆ ಕೆಲವು ವಾರ ಬೇಕು. ಮಣಿಕಟ್ಟಿನಿಂದ ಬೆರಳ ತುದಿಗೆ 15 ಸೆಂಟಿಮೀಟರ್‌ಗಿಂತ ಜಾಸ್ತಿ ದಾರಿ. ಹಾಗಾಗಿ ಮೂರನೇ ತಿಂಗಳಿಗೆ ತುದಿಯಲ್ಲಿ ಏನೂ ಗೊತ್ತಾಗದೇ ಇದ್ದರೆ ಅದು ಸೋಲಲ್ಲ, ನರ ಇನ್ನೂ ದಾರಿಯಲ್ಲಿದೆ ಅಷ್ಟೇ. ಅಂಗೈಯ ಆ ಕರೆಂಟೂ ಹೊಸದಾಗಿ ಬೆಳೀತಿರೋ ನರದ್ದೇ. ಇದನ್ನ ಕೇಳಿ ಅವರು ತುಂಬಾ ಹೊತ್ತು ಸುಮ್ಮನೆ ಕೂತರು. ಆಮೇಲೆ, “ಹಂಗಾರೆ ಸತ್ತಿಲ್ವಾ?” ಅಂದರು.

ಇನ್ನೊಂದು ವಿಷಯ ಮಾತಾಡ್ತಾ ಮಾತಾಡ್ತಾ ಹೊರಗೆ ಬಂತು. ಮನೆಯಲ್ಲಿ ಅತ್ತೆ ಒಂದು ಲೋಟ ಎತ್ತೋಕೂ ಬಿಡ್ತಿರಲಿಲ್ಲ. “ನೀ ಕೂತ್ಕೊ ಮಗ, ನಾನ್ ಮಾಡ್ತೀನಿ” ಅನ್ನೋರು. ಅದು ಪ್ರೀತಿ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಮೂರು ತಿಂಗಳು ಏನನ್ನೂ ಮುಟ್ಟದ ಕೈ ಮಿದುಳಿಗೆ ಅಪರಿಚಿತ ಆಗಿಬಿಡುತ್ತದೆ, ಮುಟ್ಟೋಕೆ ಇನ್ನೂ ಭಯ, ಭಯಕ್ಕೆ ಇನ್ನೂ ಮುಚ್ಚಿಡೋದು, ಹೀಗೇ ಸುತ್ತುತ್ತಾ ಹೋಗುತ್ತೆ. ಇಂಥ ಮನೆಗಳನ್ನು ನಾನು ಜಾಸ್ತಿ ನೋಡಿದ್ದೇನೆ, ಪ್ರತಿ ಸಲವೂ ಸಂಕಟ ಆಗುತ್ತೆ.

ಮುಂದಿನ ಸಲ ಅತ್ತೆಯನ್ನೂ ಕರೆಸಿದೆ. “ಅಮ್ಮ, ನಿಮ್ಮ ಸೊಸೆಗೆ ಕೆಲಸ ಕೊಡಿ. ಬೆಂಕಿ, ಚಾಕು, ಬಿಸಿನೀರು ಬೇಡ. ಬೇರೆ ಎಲ್ಲಾ ಕೊಡಿ” ಅಂದೆ. ಅವರ ಕಣ್ಣಲ್ಲಿ ನೀರು ಬಂತು. ನಾನೇ ಕೆಡಿಸಿದೆನಾ ಅಂತ ಕೇಳಿದರು. ಇಲ್ಲಮ್ಮ, ನಿಮಗೆ ಯಾರೂ ಹೇಳಿರಲಿಲ್ಲ ಅಂದೆ.

ನಾನು ಮನಸ್ಸಿನ ಕಷ್ಟ ನೋಡೋಳು, ಕೈಗೆ ಚಿಕಿತ್ಸೆ ಮಾಡೋಳಲ್ಲ. ಅಕ್ಕನನ್ನು ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳಿಗೆ ಕೈಯನ್ನು ಮತ್ತೆ ಪಳಗಿಸೋ ಚಿಕಿತ್ಸಕರು) ಹತ್ತಿರ ಕಳಿಸಿದೆ. ಆ ಥೆರಪಿಸ್ಟ್ ಸಣ್ಣ ನೈಲಾನ್ ಎಳೆಗಳನ್ನು ಒಂದೊಂದಾಗಿ ಒತ್ತಿ ನೋಡಿ ಎಲ್ಲಿಯವರೆಗೆ ಸ್ಪರ್ಶ ಬಂದಿದೆ ಅಂತ ಗುರುತು ಹಾಕಿದರು. ಅಕ್ಕನಿಗೆ ಇದ್ದ ಚಿಂತೆ ದುಡ್ಡಿನದು, ಬ್ರಷ್ಷು, ಮುಳ್ಳುಚೆಂಡು, ಹಿಸುಕೋ ಮೆತ್ತನೆ ಪುಟ್ಟಿ ಅಂತ ಎಲ್ಲಿ ತರೋದು ಅಂತ. ಅದೆಲ್ಲಾ ಒಳ್ಳೆಯದೇ, ಆದರೆ ಮನೆಯಲ್ಲೇ ಬೇಕಾದಷ್ಟು ಇದೆ. ಹತ್ತಿ, ಹಳೇ ರೇಷ್ಮೆ ಸೀರೆಯ ತುಂಡು, ಟರ್ಕಿ ಟವೆಲ್, ಗೋಣಿಚೀಲ. ಮೊದಲು ಹತ್ತಿ, ಅದು ಅಭ್ಯಾಸ ಆದ ಮೇಲೆ ರೇಷ್ಮೆ, ಕೊನೆಗೆ ಗೋಣಿ. ಉರಿಯೋ ಜಾಗಕ್ಕೆ ನೇರವಾಗಿ ಬೇಡ, ಅಂಚಿನಿಂದ ಶುರು ಮಾಡಿ ಒಳಗೆ ಬರೋದು. ಒಂದೊಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಒಂದೇ ಸಲ ಅರ್ಧ ಗಂಟೆ ಉಜ್ಜಿಕೊಂಡರೆ ಮಾರನೇ ದಿನ ಕೈ ಮುಂದೆ ಬರಲ್ಲ.

ತುದಿಗೆ ಇನ್ನೂ ಸ್ಪರ್ಶ ಬರದಿದ್ದಾಗ, ಮಿದುಳಿಗೆ ಆ ಕೈ ಅಪರಿಚಿತ ಆಗದಿರಲಿ ಅಂತ ಕನ್ನಡಿ ಇಟ್ಟೆವು. ಬಲಗೈ ಕನ್ನಡಿಯ ಹಿಂದೆ, ಎಡಗೈ ಮುಂದೆ. ಎಡಗೈಯನ್ನು ಸವರಿದರೆ ಕನ್ನಡಿಯಲ್ಲಿ ಬಲಗೈ ಸವರಿಸಿಕೊಂಡ ಹಾಗೇ ಕಾಣುತ್ತೆ. ಕೈ ಕಳೆದುಕೊಂಡವರಿಗೆ ಇಲ್ಲದ ಕೈಯಲ್ಲೇ ಬರೋ ನೋವಿಗೆ ಕನ್ನಡಿ ಬಳಸಿದ್ದು ನರವಿಜ್ಞಾನಿ ವಿ.ಎಸ್. ರಾಮಚಂದ್ರನ್, 1990ರ ದಶಕದಲ್ಲಿ. ಮೊದಲ ದಿನ ಅಕ್ಕ ಕನ್ನಡಿ ನೋಡಿ, “ನನ್ ಕೈ ಚೆನ್ನಾಗೈತೆ” ಅಂದರು. ‘ಅದು’ ಹೋಗಿ ‘ನನ್ ಕೈ’ ಬಂದಿದ್ದನ್ನು ನಾನು ನನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ.

ಆರನೇ ತಿಂಗಳಿನಿಂದ ರಾಗಿ ಬಟ್ಟಲು. ರಾಗಿಯೊಳಗೆ ಹುಣಸೆಬೀಜ, ಗುಂಡಿ, ಕಡ್ಲೆಬೀಜ ಹೂತಿಟ್ಟು ಬೆರಳಲ್ಲೇ ಹುಡುಕೋದು. ಮೊದಲು ಕಣ್ಣು ಬಿಟ್ಟು ನೋಡ್ತಾ ಮುಟ್ಟಬೇಕು, ಆಮೇಲೆ ಕಣ್ಣು ಮುಚ್ಚಿ ಮುಟ್ಟಿ ಹೇಳಬೇಕು, ತಪ್ಪಿದರೆ ಎಡಗೈಯಲ್ಲಿ ಮುಟ್ಟಿ ಹೋಲಿಸಿ ಮತ್ತೆ ಬಲಗೈ. ಈ ಹೋಲಿಸೋದನ್ನ ಬಿಡಬೇಡಿ ಅಂತ ಗಟ್ಟಿಯಾಗಿ ಹೇಳಿದ್ದೆ, ಯಾಕಂದ್ರೆ ಹೊಸ ನರ ಕಳಿಸೋ ಸುದ್ದಿ ಮಿದುಳಿಗೆ ಹಳೇ ಭಾಷೆಯಲ್ಲಿ ಇರಲ್ಲ, ಅದನ್ನ ಮತ್ತೆ ಕಲಿಸಬೇಕು. ಹುಡುಕಾಟಕ್ಕೆ ಅತ್ತೆಯೇ ಜೊತೆ. ಬೀಜ ಹೂತಿಡೋದು ಅವರ ಕೆಲಸ.

ಕಳೆದ ವಾರ ಬಂದಾಗ ಅಕ್ಕನ ಚೀಲದಲ್ಲಿ ಬಾಳೆನಾರು ಇತ್ತು. ನನ್ನ ಮೇಜಿನ ಮೇಲೇ ಮಲ್ಲಿಗೆ ಮೊಗ್ಗು ಹರಡಿ ಕಟ್ಟೋಕೆ ಕೂತರು. ತೊಟ್ಟು ಎರಡು ಸಲ ಜಾರಿತು. ಮೂರನೇ ಸಲ ಹೆಬ್ಬೆರಳು ತೊಟ್ಟನ್ನು ಹಿಡಿದು ನಿಲ್ಲಿಸಿತು. ಒಂದು ಗೇಣು ಕಟ್ಟೋಕೆ ಹತ್ತು ನಿಮಿಷ. ಮೊದಲು ಅಷ್ಟು ಹೊತ್ತಲ್ಲಿ ಎರಡು ಮಾರು ಕಟ್ತಿದ್ರಂತೆ. ಮುಂದಿನ ತಿಂಗಳಿಗೆ ಹೇಳಿದ್ದು: ದಿನಾ ಒಂದು ಗೇಣು ಮಲ್ಲಿಗೆ ಸಾಕು, ಕನಕಾಂಬರ ಈಗಲೇ ಬೇಡ, ಒಲೆ ಹತ್ತಿರ ಹೋದಾಗ ಬಲಗೈ ಮೇಲೆ ಕಣ್ಣಿರಲಿ, ನೀರಿನ ಬಿಸಿ ಎಡಗೈಯಲ್ಲೇ ನೋಡಿ. ಕಟ್ಟಿದ ಆ ಗೇಣು ಹೂವನ್ನು ಅತ್ತೆಗೆ ಮುಡಿಸೋಕೆ ಅಂತ ಎಲೆಯಲ್ಲಿ ಸುತ್ತಿಕೊಂಡು ಹೋದರು.