ದಿನವೂ ಕುಡಿಯುವವರು ಮನೆಯಲ್ಲೇ ಒಮ್ಮೆಲೇ ಮದ್ಯ ನಿಲ್ಲಿಸಬಹುದೇ?

ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ವೈದ್ಯರನ್ನು ಕಾಣದೆ ತಟ್ಟನೆ ನಿಲ್ಲಿಸಬಾರದು. ಬಿಡುವ ನಿರ್ಧಾರ ಖಂಡಿತ ಒಳ್ಳೆಯದೇ, ಆದರೆ ಬಿಡುವ ರೀತಿಯಲ್ಲಿ ಜೀವದ ಪ್ರಶ್ನೆ ಇದೆ. ಮದ್ಯ ಮಿದುಳನ್ನು ಮಂದಗೊಳಿಸುತ್ತದೆ. ಅದಕ್ಕೆದುರಾಗಿ ಮಿದುಳು ತನ್ನ ಉದ್ರೇಕವನ್ನು ಏರಿಸಿಕೊಂಡಿರುತ್ತದೆ. ಮದ್ಯ ನಿಂತೊಡನೆ ಆ ಉದ್ರೇಕಕ್ಕೆ ತಡೆಯೇ ಇರುವುದಿಲ್ಲ. ಕೊನೆಯ ಸಲ ಕುಡಿದ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು. 48 ಗಂಟೆಯೊಳಗೆ ಫಿಟ್ಸ್. 2ರಿಂದ 4ನೇ ದಿನ ಗೊಂದಲ, ಜ್ವರ, ಇಲ್ಲದ್ದು ಕಾಣಿಸುವುದು ಉಂಟಾಗಬಹುದು. ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದರೆ ಮನೆಯಲ್ಲಿ ಪ್ರಯತ್ನವೇ ಬೇಡ.

ಆಸ್ಪತ್ರೆಯಲ್ಲಿ ಈ ಉದ್ರೇಕ ತಗ್ಗಿಸುವ ಮಾತ್ರೆ ಕೊಟ್ಟು, ಕೆಲವು ದಿನಗಳಲ್ಲಿ ಅದರ ಪ್ರಮಾಣ ಇಳಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ; ಅದರ ಕೊರತೆಯಿಂದ ನೆನಪಿನ ಶಕ್ತಿ ಶಾಶ್ವತವಾಗಿ ಕೆಡಬಹುದು. ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಕೂಡಲೇ ಆಂಬುಲೆನ್ಸ್ ಕರೆಯಿರಿ.