ಒತ್ತಿದರೂ ಮಾಸದ ಕೆಂಪು ಚುಕ್ಕೆ

ಪ್ರಶ್ನೆ: ಅಮ್ಮನಿಗೆ 54 ವರ್ಷ. ಮೂಡಿಗೆರೆ ಹತ್ತಿರದ ತೋಟಕ್ಕೆ ಕಾಫಿ ಹಣ್ಣು ಕುಯ್ಯಲು ಹೋಗುತ್ತಾರೆ. 10 ದಿನದಿಂದ ಎರಡೂ ಕಾಲಲ್ಲಿ ಸಣ್ಣ ಕೆಂಪು ಚುಕ್ಕೆಗಳಿವೆ. ತುರಿಕೆ ಇಲ್ಲ, ಜ್ವರವೂ ಇಲ್ಲ. ಸುಸ್ತು ಜಾಸ್ತಿ, ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತದೆ. ಮೆಡಿಕಲ್ ಶಾಪಿನ ಮುಲಾಮು ಹಚ್ಚಿದರೂ ಹೋಗಿಲ್ಲ. ಇದು ಬ್ಲಡ್ ಕ್ಯಾನ್ಸರ್ ಇರಬಹುದಾ ಡಾಕ್ಟ್ರೇ?

ಉತ್ತರ: ಒಂದು ಗಾಜಿನ ಲೋಟ ತಗೊಳ್ಳಿ. ಅದರ ಬದಿಯನ್ನು ಚುಕ್ಕೆಯ ಮೇಲೆ ಒತ್ತಿ ಹಿಡಿದು, ಗಾಜಿನ ಮೂಲಕವೇ ನೋಡಿ. ಅಲರ್ಜಿಯ ಗಂಧೆಯಾದರೆ ಸಾಮಾನ್ಯವಾಗಿ ಕೆಂಪು ಮಾಯವಾಗುತ್ತದೆ. ಒತ್ತಿದರೂ ರಾಗಿ ಕಾಳಿನಷ್ಟು ಕೆಂಪು ಹಾಗೇ ಉಳಿದರೆ, ಅದು ಚರ್ಮದೊಳಗೆ ಜಿನುಗಿದ ರಕ್ತ. ಕಪ್ಪು ಮೈಬಣ್ಣದವರಲ್ಲಿ ಇದು ಸರಿಯಾಗಿ ಕಾಣುವುದಿಲ್ಲ. ಬಾಯಿ ತೆರೆಸಿ, ಟಾರ್ಚ್ ಹಾಕಿ ಅಂಗುಳನ್ನೂ ನೋಡಿ.

ಚುಕ್ಕೆ, ವಸಡಿನ ರಕ್ತ, ಸುಸ್ತು ಮೂರೂ ಒಟ್ಟಿಗೆ ಇರುವುದರಿಂದ ಸುಮ್ನೆ ಬಿಡುವ ಹಾಗಿಲ್ಲ. ರಕ್ತ ಹೆಪ್ಪುಗಟ್ಟಿಸುವುದು ಪ್ಲೇಟ್‌ಲೆಟ್. ಅದು ಸಾಮಾನ್ಯವಾಗಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರಬೇಕು. ಲ್ಯುಕೇಮಿಯಾದಲ್ಲಿ, ಅಂದರೆ ನೀವು ಕೇಳಿದ ಬ್ಲಡ್ ಕ್ಯಾನ್ಸರಿನಲ್ಲಿ, ಕೆಟ್ಟ ಕಣಗಳು ಮೂಳೆಯ ಮಜ್ಜೆಯನ್ನೇ ತುಂಬಿಬಿಡುತ್ತವೆ. ಮಡಿಯಲ್ಲಿ ಕಳೆ ತುಂಬಿದರೆ ಸಸಿಗೆ ಜಾಗ ಎಲ್ಲಿರುತ್ತೆ, ಹಾಗೆ. ಪ್ಲೇಟ್‌ಲೆಟ್ ಇಳಿದು ಚುಕ್ಕೆ ಏಳುತ್ತದೆ, ಕೆಂಪು ಕಣ ಇಳಿದು ಸುಸ್ತಾಗುತ್ತದೆ.

ಆದರೆ ಈಗಲೇ ಕ್ಯಾನ್ಸರ್ ಅಂತ ಅಂದುಕೊಳ್ಳಬೇಡಿ. ಡೆಂಗಿಯಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ಅದಕ್ಕೇ ಜ್ವರದ ಮಾತು ಮುಖ್ಯ. ಕೆಲವರಲ್ಲಿ ದೇಹವೇ ತನ್ನ ಪ್ಲೇಟ್‌ಲೆಟ್ ನಾಶ ಮಾಡುತ್ತದೆ, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳಲಾಗದು, ರಕ್ತವೇ ಹೇಳಬೇಕು.

ಇವತ್ತೇ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ. ಕೂಲಿ ತಪ್ಪುತ್ತದೆ ಅಂತ ಅಮ್ಮ ಬೇಡ ಅನ್ನಬಹುದು, ಕೇಳಬೇಡಿ. ರಕ್ತದ ಕಣಗಳನ್ನು ಮೆಷಿನ್‌ನಲ್ಲಿ ಎಣಿಸುವ ಸಿಬಿಸಿ ಪರೀಕ್ಷೆ ಮಾಡಿಸಿ. ಜೊತೆಗೆ ‘ಪೆರಿಫೆರಲ್ ಸ್ಮಿಯರ್’ ಅಂತ ಕೇಳಿ. ಮೆಷಿನ್ ಎಣಿಸುತ್ತದೆ ಅಷ್ಟೆ, ಸ್ಮಿಯರ್‌ನಲ್ಲಿ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡುತ್ತಾರೆ. ಸಂಶಯ ಬಂದರೆ ಮಜ್ಜೆಯ ಪರೀಕ್ಷೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆಗೆ ಕಳಿಸಬಹುದು.

ಅಲ್ಲಿಯವರೆಗೆ ಮೈಕೈ ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಜಾಸ್ತಿಯಾಗುತ್ತದೆ. ಸೊಂಟಕ್ಕೆ ಇಂಜೆಕ್ಷನ್ ಕೂಡ ಹಾಕಿಸಬೇಡಿ. ಡಾಕ್ಟರು ನೋಡುವ ಮೊದಲು ಸ್ಟೀರಾಯ್ಡ್ ಮಾತ್ರೆ ನುಂಗಿಸಬೇಡಿ, ಕೆಲವು ರಕ್ತದ ಕಾಯಿಲೆಗಳು ಅದರಿಂದ ವಾಸಿಯಾಗದೆ, ಪರೀಕ್ಷೆಗೆ ಸಿಗದಂತೆ ಮರೆಯಾಗಿಬಿಡುತ್ತವೆ. ಜೋರು ತಲೆನೋವು, ಕಪ್ಪು ಮಲ, ನಿಲ್ಲದ ಮೂಗಿನ ರಕ್ತ ಕಂಡರೆ ಬೆಳಗಾಗುವವರೆಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.